ಗುತ್ತಲು ರಸ್ತೆಯಲ್ಲಿ ಸೈಲೆನ್ಸರ್ ಬದಲಿಸಿದ್ದು

ದುದ್ದದ ಹಂಪ್ಸ್ ಮೇಲೆ ಹೊಟ್ಟೆ ತರಚಿಕೊಂಡ ದಿನದಿಂದ
ನನ್ನ ಸುಮೋ ಮಾತು ಕಲಿತಿತ್ತು.
ಮಾತೆಂದರೆ ಮಾತೆ? ಬಯ್ಗುಳ.
ಎರಡನೇ ಗೇರಿನಲ್ಲಿ ಕೆಮ್ಮು, ಮೂರರಲ್ಲಿ ಗದರು,
ಏರಿನಲ್ಲಿ ಆಲೆಮನೆ ಎಂಜಿನ್ನಿನ ಡಬಡಬ.
ಹದಿನೆಂಟು ವರ್ಷದ ಗಾಡಿ,
ಕಾರ್ಖಾನೆಯೊಂದರ ಹರಾಜಿನಲ್ಲಿ ಕೊಂಡದ್ದು.
ಬಾಗಿಲ ಮೇಲೆ ಬಣ್ಣ ಬಳಿದು ಮುಚ್ಚಿದ ಅಕ್ಷರ
ಬಿಸಿಲು ಓರೆಯಾದರೆ ಈಗಲೂ ಓದಲು ಬರುತ್ತದೆ.

ದನದ ಡಾಕ್ಟರು ನಾನು.
ಬಂದೆ ಎಂದು ಯಾರಿಗೂ ಹೇಳಬೇಕಿರಲಿಲ್ಲ.
ಕೀಲಾರದ ನಾಲೆ ಸೇತುವೆಯಲ್ಲಿ ಸದ್ದು ಕೇಳಿದರೆ
ನಿಂಗಾಜಮ್ಮ ಒಲೆಗೆ ಬಿಸಿನೀರಿಡುತ್ತಿದ್ದಳು, ನನ್ನ ಕೈಗೆ.
ಅವಳ ಕಡಸು ಕೆಂದಿ
ಗೂಟ ಸಮೇತ ಕಬ್ಬಿನೊಳಗೆ ನುಗ್ಗುತ್ತಿತ್ತು.

ಜಬೀವುಲ್ಲ ಗ್ರೀಸು ಬಟ್ಟೆಯ ಉಂಡೆ ಮಾಡಿ
ಹಿಂದಿನ ಕೊಳವೆಗೆ ತುರುಕಿ, "ರೇಸ್ ಕೊಡಿ ಮೇಡಮ್" ಎಂದ.
ಕೊಟ್ಟೆ. ಗಾಡಿಯಡಿ ನಾಲ್ಕು ಕಡೆ ಹೊಗೆ,
ಹಸಿ ಸೌದೆಯ ಒಲೆಯ ಹಾಗೆ.
"ಸೈಲೆನ್ಸರ್ ಅಲ್ಲ ಇದು, ಜರಡಿ.
ರಾಗಿ ಹಿಟ್ಟು ಹಾಕಿದ್ರೆ ತೌಡು ಮೇಲೆ ನಿಲ್ತದೆ."
"ವೆಲ್ಡಿಂಗ್ ಆಗಲ್ವ?"
"ತೂತಿಗೆ ಬೆಸುಗೆ ಹಾಕ್ಬಹುದು,
ತೂತಿನ ಸುತ್ತ ಏನಾದ್ರೂ ಉಳ್ಕಂಡಿದ್ರೆ."
ಹೊಸದು ಮೂರು ಸಾವಿರದ ಇನ್ನೂರು, ಗುಜರಿಯದು ಅರ್ಧ.
ಉದುರಿದ ಹಲ್ಲಿನ ಜಾಗಕ್ಕೆ
ಇನ್ನೊಬ್ಬರ ಉದುರಿದ ಹಲ್ಲು ಕಟ್ಟಿಸುವುದೆ?
ಹೊಸದೇ ಹಾಕು ಎಂದೆ.

ನಟ್ಟುಗಳು ತಿರುಗಲೊಲ್ಲವು.
ಡೀಸೆಲ್ ಕುಡಿಸಿ ಒಂದು ಬೀಡಿಯಷ್ಟು ಹೊತ್ತು ಕಾದ.
ಎರಡು ಸಡಿಲಿದವು.
ಮೂರನೆಯದಕ್ಕೆ ಗ್ಯಾಸಿನ ಉರಿ ಹಿಡಿದು
ದಾಸವಾಳದಷ್ಟು ಕೆಂಪು ಮಾಡಬೇಕಾಯಿತು.
ನಾಲ್ಕನೆಯದು ಕುತ್ತಿಗೆ ಮುರಿದುಕೊಂಡಿತು.
ಅವನು ಬಯ್ಯಲಿಲ್ಲ. ಗೋಣಿ ಹಾಸಿ ಅಂಗಾತ ಮಲಗಿ
ಮೊಣಕೈವರೆಗೆ ಕೈ ಮೇಲೆ ತೂರಿಸಿ ತಡವುತ್ತಿದ್ದ;
ಕಣ್ಣು ಮಾತ್ರ ಎಲ್ಲೋ, ಎದುರಿನ ಸೈಕಲ್ ಶಾಪಿನ ಬೋರ್ಡಿನ ಮೇಲೆ.
ಕೈಯೇ ನೋಡುವಾಗ ಕಣ್ಣಿಗೇನು ಕೆಲಸ?
ಅಡ್ಡ ಸಿಕ್ಕಿಕೊಂಡ ಕರುವಿಗಾಗಿ
ಹಸುವಿನ ಹಿಂದೆ ನಾನೂ ಹೀಗೇ ನಿಲ್ಲುತ್ತೇನೆ,
ಹುಲ್ಲಿನ ಮೆದೆಯನ್ನೋ ಕಾಗೆಯನ್ನೋ ನೋಡುತ್ತ.
ಜನ ಅಂದುಕೊಳ್ಳುತ್ತಾರೆ, ಇವಳಿಗೆ ಗಮನವಿಲ್ಲ ಎಂದು.

ಹಳೆಯದು ಹೊರಬಂತು.
ಅವನ ಅಕ್ಕನ ಮಗ ತೌಸೀಫ್ ಎತ್ತಿ ಅಲ್ಲಾಡಿಸಿದ:
ಒಳಗಿನ ತಟ್ಟೆ ಮುರಿದು ಗಿಲಕಿಯಾಗಿತ್ತು.
ಮಸಿ, ತುಕ್ಕಿನ ಪುಡಿ, ಒಂದು ಹಿಡಿ ಕಬ್ಬಿನ ಸೋಗೆ.
ಕೈಗೆ ತೆಗೆದುಕೊಂಡೆ. ಇಷ್ಟು ಹಗುರ!
ಊರೂರಲ್ಲಿ ಅಷ್ಟೊಂದು ಕೂಗಿದ್ದು ಇದೇನಾ.

ಹೊಸದು ಬಿಗಿದು, ಹೊಸ ರಬ್ಬರಿನಲ್ಲಿ ತೂಗುಹಾಕಿ
"ಸ್ಟಾರ್ಟ್ ಮಾಡಿ" ಎಂದ.
ಕೀಲಿ ತಿರುಗಿಸಿದೆ. ಏನೂ ಕೇಳಲಿಲ್ಲ.
ಮತ್ತೆ ತಿರುಗಿಸಿದೆ, ಕರ್ರೆಂದು ಕಿರುಚಿತು.
"ಅಯ್ಯೋ, ಓಡ್ತಾ ಅದೆ ಮೇಡಮ್!"
ತೌಸೀಫ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕ.

ದಾರಿಯಲ್ಲಿ ಬೇರೆಲ್ಲ ಕೇಳತೊಡಗಿತು.
ಪೆಟ್ಟಿಗೆಯಲ್ಲಿ ಔಷಧಿ ಸೀಸೆಗಳ ಕಿಣಿಕಿಣಿ,
ಹಿಂಬಾಗಿಲ ಸಡಿಲು ಚಿಲಕ,
ಮತ್ತೆ ಒಂದು ದನಿ, ನೂರಿಪ್ಪತ್ತು, ಮುನ್ನೂರು, ಅದು ಬಾಕಿ, ಎಂದು.
ಒಬ್ಬಳೇ ಇದ್ದಾಗ ನಾನು ಗಟ್ಟಿಯಾಗಿ ಲೆಕ್ಕ ಹಾಕುತ್ತೇನೆ:
ಗೊತ್ತೇ ಇರಲಿಲ್ಲ.

ಕೀಲಾರದಲ್ಲಿ ಕೆಂದಿ ಮೆಲುಕು ಹಾಕುತ್ತ ನಿಂತಿತ್ತು.
ಸೂಜಿ ಇಳಿದ ಮೇಲೆ ತಿರುಗಿ ನೋಡಿತು.
ಸಿಟ್ಟಿನಿಂದಲ್ಲ;
ಬಾಗಿಲು ಬಡಿಯದೆ ಒಳಬಂದವರನ್ನು ನೋಡುತ್ತಾರಲ್ಲ, ಹಾಗೆ.
"ಇದ್ಯಾಕವ್ವ ಕಳ್ಳಿ ಥರ ಬಂದ್ಬುಟ್ಟೆ,
ನೀರೇ ಕಾಯ್ಸಿಲ್ವಲ್ಲ," ಎಂದಳು ನಿಂಗಾಜಮ್ಮ.
ಮಾರ್ಗಶಿರದ ಬೆಳಗು. ತಣ್ಣೀರಿನಲ್ಲಿ ಕೈ ತೊಳೆದೆ,
ಬೆರಳು ಸೆಟೆದುಕೊಂಡವು.

ಮುಂದಿನ ವಾರ ನಾಲೆ ಸೇತುವೆ ಬಂದಾಗ
ನೆನಪಿಟ್ಟುಕೊಂಡು ಹಾರನ್ ಒತ್ತಿದೆ.
ಸದ್ದಿಲ್ಲ.
ಎಂದಿನಿಂದ ಕೆಟ್ಟಿತ್ತೋ! ಆ ಬಾಯಿ ಇದ್ದಾಗ
ಹಾರನ್ ಯಾರಿಗೆ ಬೇಕಿತ್ತು.
ಗಾಡಿ ನಿಲ್ಲಿಸಿ, ಗಾಜು ಇಳಿಸಿ,
ಕಬ್ಬಿನ ಗದ್ದೆಯಾಚೆಗೆ ಕತ್ತು ಚಾಚಿ
ನಾನೇ ಕೂಗಿದೆ:
ನಿಂಗಾಜಮ್ಮೋ, ನೀರಿಡು!